ಬಾಲ ಹಚ್ಚಿದ ಮಾತು

ನನ್ನ ಅತ್ತೆಗೆ ನಿಂತುಹೋಗಿದ್ದ ಮಾತು ಮರಳಿ ಬಂದದ್ದು ಬಾಲದ ಸಮೇತ. ಬಾಲ ಅಂದರೆ ಇಂಗ್ಲಿಷಿನ ‘ಅರ್’. ಡ್ರೈವ್ ಮಾಡುವವನು ಡ್ರೈವರ್, ಟೀಚ್ ಮಾಡುವವಳು ಟೀಚರ್ ಅನ್ನುವಾಗ ಕೊನೆಯಲ್ಲಿ ಅಂಟಿಕೊಳ್ಳುತ್ತದಲ್ಲ, ಆ ತುಂಡು. ನಾವು ಕನ್ನಡದಲ್ಲಿ ಓದುಗ, ಮಾತುಗಾರ, ಹಾಡುವವಳು ಎಂದು ಒಂದೊಂದಕ್ಕೆ ಒಂದೊಂದು ಕೊನೆ ಹುಡುಕುತ್ತೇವೆ. ಇಂಗ್ಲಿಷಿನವರು ಅದೇ ಬಾಲವನ್ನು ಮನುಷ್ಯನಿಗೂ ಕಟ್ಟುತ್ತಾರೆ, ಮಿಕ್ಸರಿಗೂ ಕಟ್ಟುತ್ತಾರೆ. ಅತ್ತೆ ಜೀವಮಾನವಿಡೀ ಶಾಲೆಯಲ್ಲಿ ಇದನ್ನೇ ಕಲಿಸಿದವರು. “ಕೆಲಸಕ್ಕೆ ಬಾಲ ಕಟ್ಟಿದ್ರೆ ಕೆಲಸದವನು ಸಿಗ್ತಾನೆ. ಹಾಗಂತ ಕಂಡಕಂಡಲ್ಲಿ ಕಟ್ಟಬೇಡಿ. ಅಡುಗೆಯವನಿಗೆ ಕಟ್ಟಿದ್ರೆ ಅವನು ಕುಕ್ಕರ್ ಆಗಿ ಒಲೆ ಮೇಲೆ ಕೂರ್ತಾನೆ” ಎಂದು ಅವರು ಹೇಳುತ್ತಿದ್ದ ತಮಾಷೆಯನ್ನು ಅವರ ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಲಕ್ವ ಹೊಡೆದು ಬಲಗೈ, ಬಲಗಾಲು ಸೋತಾಗ ಅತ್ತೆಯ ತಲೆಯಿಂದ ಹೆಸರುಗಳೆಲ್ಲ ಉದುರಿಹೋದವು. ಲೋಟ, ದಿಂಬು, ಕನ್ನಡಕ, ಕೊನೆಗೆ ಹೆತ್ತ ಮಗಳ, ಅಂದರೆ ನನ್ನ ಹೆಂಡತಿಯ ಹೆಸರೂ ಹೋಯಿತು. ಉಳಿದದ್ದು ಪಾಠ ಹೇಳಿ ಹೇಳಿ ನಾಲಗೆಗೆ ಹತ್ತಿದ್ದ ಇಂಗ್ಲಿಷಿನ ಒಂದಷ್ಟು ಕ್ರಿಯಾಪದಗಳು. ಅವೂ ಬಾಲವಿಲ್ಲದೆ ಹೊರಡುತ್ತಿರಲಿಲ್ಲ. ಕನ್ನಡಕ ಸೀಯರ್ ಆಯಿತು. ಹೊದಿಕೆ ಕವರರ್ ಆಯಿತು. ನೀರು ಡ್ರಿಂಕರ್ ಆಯಿತು. ಒಮ್ಮೆ ಮನೆಗೆ ಬಂದಿದ್ದ ನನ್ನ ಮೇಲಧಿಕಾರಿಯ ಕಡೆ ಕೈ ಚಾಚಿ “ಡ್ರಿಂಕರ್, ಡ್ರಿಂಕರ್” ಎಂದಾಗ ಆತನ ಮುಖ ನೋಡಬೇಕಿತ್ತು. ನೀರಿನ ಜಗ್ಗು ಇದ್ದದ್ದು ಆತನ ಹಿಂದೆ. ನಾನು ಕಮ್ಮರ್, ಕರೆದರೆ ಬರುವವನು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಆದರೆ ಹೌದಾ ಎಂದರೂ ತಲೆಯಾಡಿಸುವರು, ಅಲ್ಲವಾ ಎಂದರೂ ತಲೆಯಾಡಿಸುವರು. ಹಾಗಾಗಿ ಆ ತಲೆಯನ್ನು ನಂಬುವಂತಿರಲಿಲ್ಲ. ನಂಬಬಹುದಾಗಿದ್ದದ್ದು ಬಾಲವನ್ನು ಮಾತ್ರ.

ನನ್ನ ಹೆಂಡತಿಗೆ ಇದು ಆಗಿಬರುತ್ತಿರಲಿಲ್ಲ. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ದಿನವಿಡೀ ತಪ್ಪು ಹೆಕ್ಕಿ ಕೆಂಪು ಗೆರೆ ಎಳೆದು ಬಂದವಳಿಗೆ ಮನೆಯಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ. ಮಾತಿನ ತರಬೇತಿ ಕೊಡುವಾಕೆ “ಅವರಿಗೆ ಅವಸರ ಮಾಡಬೇಡಿ, ಪದ ಹುಡುಕೋಕೆ ಬಿಡಿ” ಅಂದಿದ್ದಳು, ಅಷ್ಟೇ. ಇವಳು ಅದಕ್ಕೆ ತನ್ನದೊಂದು ಮೊಳ ಸೇರಿಸಿ, ಸರಿಯಾದ ಪದ ಬರುವವರೆಗೆ ಕೇಳಿದ್ದನ್ನು ಕೊಡಕೂಡದು ಎಂದು ಕಾನೂನು ಮಾಡಿದಳು. ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು.

“ನೀರು ಅನ್ನು, ಅಮ್ಮ. ಡ್ರಿಂಕರ್ ಅಂತ ಪದ ಇದಕ್ಕಿಲ್ಲ. ನೀ… ರು.”

ಅತ್ತೆ ತುಟಿ ಆಡಿಸಿ, ಬೆವೆತು, ಕೊನೆಗೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಅವಳು ಒಳಗೆ ಹೋದ ಮೇಲೆ ನಾನು ಕದ್ದು ನೀರು ಕೊಡುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

“ಅಮ್ಮನ್ನ ಹಾಳು ಮಾಡ್ತಿರೋದೇ ನೀವು,” ಅಂದಳು. “ಇಲ್ಲದ ಪದಕ್ಕೆಲ್ಲ ನೀವು ಓಗೊಟ್ರೆ ಇರೋ ಪದ ಯಾಕೆ ವಾಪಸ್ ಬರುತ್ತೆ?”

“ಬಾಯಾರಿದೋರಿಗೆ ಪರೀಕ್ಷೆ ಇಡ್ತಾರೇನೇ ಯಾರಾದ್ರೂ?”

“ನಿಮಗೆ ಅವಳು ಅತ್ತೆ. ನನಗೆ ಅಮ್ಮ.”

ಅವಳಿಗೆ ಬೇಕಿದ್ದದ್ದು ನೀರು ಎಂಬ ಪದವಲ್ಲ, ಹಳೆಯ ಅಮ್ಮ. ಅದು ನನಗೆ ಗೊತ್ತಿತ್ತು. ಆಮೇಲಾಮೇಲೆ ಮನೆಯಲ್ಲಿ ಒಂದು ವಿಚಿತ್ರ ರೂಢಿ ಬೆಳೆಯಿತು. ಮಗಳಿಲ್ಲದಾಗ ಅತ್ತೆ ಬಾಯಿ ತುಂಬ ಮಾತಾಡುವರು. ಮಗಳ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳಿದೊಡನೆ ಬಾಯಿಗೆ ಬೀಗ. ಹೆಂಡತಿ ಇದನ್ನು ಸುಧಾರಣೆ ಎಂದುಕೊಂಡಿದ್ದಳು. ತಪ್ಪು ಪದ ಕಡಿಮೆಯಾಗಿದೆ ಎಂದು ತರಬೇತಿಯಾಕೆಗೆ ಹೇಳಿಯೂ ಬಂದಿದ್ದಳು.

ಆ ದಿನ ನನಗೆ ರಜೆ, ಅವಳಿಗೆ ಕೆಲಸ. ನಾನು ಲಿಫ್ಟ್ ರಿಪೇರಿಯವನು. ರಜೆಯ ದಿನವೂ ಏನಾದರೂ ಬಿಚ್ಚದೆ ಕೂರಲಾರೆ. ಬಚ್ಚಲಲ್ಲಿ ಸೋರುತ್ತಿದ್ದ ನಲ್ಲಿ ಬಿಚ್ಚಿಕೊಂಡಿದ್ದೆ. ಹಾಲಿನಲ್ಲಿ ಅತ್ತೆ ತಮ್ಮ ಕುರ್ಚಿಯಲ್ಲಿದ್ದರು. ಅವರ ಕಾಲ ಬಳಿ ನಮ್ಮ ಮಗಳು ಚೋಟು ಆಡಿಕೊಂಡಿದ್ದಳು. ಗೋಡೆ ಹಿಡಿದು ನಡೆಯಲು ಕಲಿತು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅಪ್ಪ ಅನ್ನುವುದನ್ನೂ ಆಗಷ್ಟೇ ಕಲಿತಿದ್ದಳು.

“ಕಮ್ಮರ್,” ಎಂದು ಅತ್ತೆ ಕರೆದರು.

“ಬಂದೆ ಅತ್ತೆ,” ಅಂದೆ. ಕೈ ಒದ್ದೆ, ವಾಷರ್ ಕೂರುತ್ತಿರಲಿಲ್ಲ.

“ಕಮ್ಮರ್. ಕಮ್ಮರ್. ಕಮ್ಮರ್.”

ಆ ದನಿ ಕೇಳಿ ಸ್ಪ್ಯಾನರ್ ಅಲ್ಲೇ ಬಿಟ್ಟು ಓಡಿದೆ. ಅತ್ತೆ ಕುರ್ಚಿಯಿಂದ ಅರ್ಧ ಜಾರಿ, ಎಡಗೈಯಲ್ಲಿ ಮಗುವಿನ ಅಂಗಿ ಹಿಡಿದಿದ್ದರು. ಚೋಟು ಒಂದೆರಡು ಸಲ ಕೆಮ್ಮಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು, ಆಮೇಲೆ ನನ್ನನ್ನು ನೋಡಿ ನಕ್ಕಳು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಅತ್ತೆ ಮಗುವಿನ ಬಾಯಿಯ ಕಡೆ ಬೆರಳು ಮಾಡಿ ಮಾಡಿ ತೋರಿಸಿದರು. ನಾನು ಬಾಯಿ ತೆರೆಸಿ, ಬೆರಳಾಡಿಸಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಕೆಳಗಿನ ಒಸಡಿನಲ್ಲಿ ಹೊಸ ಹಲ್ಲಿನ ತುದಿ ಬೆರಳಿಗೆ ತಾಗಿತು.

“ಹಲ್ಲು ಬರ್ತಿದೆ ಅತ್ತೆ. ಅದಕ್ಕೆ ಜೊಲ್ಲು.”

“ಕಮ್ಮರ್,” ಅಂದರು ಮತ್ತೆ. ನಾನು ಬಂದಾಗಿತ್ತು, ಎದುರಿಗೇ ಕೂತಿದ್ದೆ. ಗಾಬರಿಯಾದರೆ ಅವರಿಗೆ ಹೀಗೇ, ಒಂದೇ ಪದ ನಾಲಗೆಗೆ ಸಿಕ್ಕಿಕೊಂಡು ಬೇರೆ ಯಾವುದೂ ಬರುವುದಿಲ್ಲ. ಬೆನ್ನು ಸವರಿ ಸಮಾಧಾನ ಮಾಡಿದೆ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದವರನ್ನು ಬಾಗಿಲಾಚೆಯಿಂದ ಸಮಾಧಾನ ಮಾಡಿ ನನಗೆ ಅಭ್ಯಾಸ. ಅಲ್ಲಿ ಕೂಗುವವರಿಗೆ ಏನು ಬೇಕೆಂದು ಗೊತ್ತಿರುತ್ತದೆ. ಇಲ್ಲಿ ಗೊತ್ತಿರಲಿಲ್ಲ.

ಬಾಳೆಹಣ್ಣು ಕಿವುಚಿ ಕೊಟ್ಟೆ. ಚೋಟು ಬಾಯಿಗೆ ತೆಗೆದುಕೊಂಡು, ನುಂಗಲು ಹೋಗಿ, ಮುಖ ಕಿವುಚಿ ಉಗುಳಿದಳು. ಹಾಲು ಕೊಟ್ಟೆ, ಅದೂ ಹೊರಗೆ. ಜೊಲ್ಲು ನಿಲ್ಲಲಿಲ್ಲ, ಅಂಗಿಯ ಎದೆಯೆಲ್ಲ ಒದ್ದೆ. ಹೆಂಡತಿಗೆ ಫೋನ್ ಮಾಡಿದೆ.

“ಹಲ್ಲೇ ಇರಬೇಕು ರೀ,” ಅಂದಳು. “ಆದ್ರೂ ಬರ್ತೀನಿ, ಕ್ಲಿನಿಕ್ಕಿಗೆ ತೋರಿಸಿಬಿಡೋಣ.”

ಅವಳು ಬರುವ ಹೊತ್ತಿಗೆ ಅತ್ತೆಯ ಉಸಿರು ತಹಬಂದಿಗೆ ಬಂದಿತ್ತು. ತುಟಿ ಮುಂದೆ ಮಾಡಿ ಏನೋ ಹೇಳಲು ಹೊರಟಿದ್ದರು. ನಾನು ಬಗ್ಗಿ ಕಿವಿಗೊಟ್ಟಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಅತ್ತೆ ಬಾಯಿ ಮುಚ್ಚಿದರು.

“ಏನಾಯ್ತಮ್ಮ?” ಅಂದಳು ಹೆಂಡತಿ, ಮಗುವನ್ನು ಎತ್ತಿಕೊಳ್ಳುತ್ತ. “ನೀನು ನೋಡ್ದಾ? ನಿಧಾನವಾಗಿ ಹೇಳು. ಸರಿಯಾದ ಪದ ಹುಡುಕು, ನಾನು ಕಾಯ್ತೀನಿ.”

ಅತ್ತೆ ಹುಡುಕಿದರು. ಹಣೆಯ ನರ ಉಬ್ಬಿತು, ಗಂಟಲು ಏರಿಳಿಯಿತು. ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಮಗುವನ್ನು. ಒಂದು ಪದ ಅವರ ಬಾಯೊಳಗೆ ಇತ್ತು. ಅದನ್ನು ಹೊರಗೆ ಬಿಡದೆ ಬೇರೊಂದನ್ನು ತಡಕಾಡುತ್ತಿದ್ದರು. ತರಗತಿಯಲ್ಲಿ ಉತ್ತರ ತಪ್ಪಾದೀತೆಂದು ಎದ್ದು ನಿಂತು ಸುಮ್ಮನಾಗುವ ಮಕ್ಕಳಿರುತ್ತಾರಲ್ಲ, ಹಾಗೆ. ಕೊನೆಗೆ ಕಣ್ಣೀರು ಬಂತು, ಪದ ಬರಲಿಲ್ಲ. ಅವರನ್ನು ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ಮಗುವಿನ ಕಾಲನ್ನು ಬಿಡಲೊಲ್ಲರು. ಎಲ್ಲರೂ ಒಂದೇ ಟ್ಯಾಕ್ಸಿಯಲ್ಲಿ ಹೋದೆವು.

ಕ್ಲಿನಿಕ್ಕಿನಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ಹೋದಳು. ನಾನು ಅತ್ತೆಯ ಜೊತೆ ಹೊರಗಿನ ಬೆಂಚಿನಲ್ಲಿ ಉಳಿದೆ. ಬಾಗಿಲು ಮುಚ್ಚಿದ್ದೇ ತಡ, ಅವರ ಕಿವಿಯ ಬಳಿ ಬಗ್ಗಿದೆ.

“ಅತ್ತೆ, ಅವಳು ಒಳಗಿದ್ದಾಳೆ. ನನಗೆ ಹೇಳಿ. ಹೇಗಾದ್ರೂ ಹೇಳಿ.”

ಅತ್ತೆ ಬಾಗಿಲನ್ನೇ ನೋಡಿದರು. ತುಟಿ ಅಗಲಿಸಿದರು. “ಸ್ವಾ…” ಅಂದರು. ಮತ್ತೆ “ಸ್ವಾ…” ಅಂದರು. ಬಾಗಿಲು ತೆರೆಯಿತು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು. ಅತ್ತೆ ಆ ಅರ್ಧ ಪದವನ್ನು ನುಂಗಿಕೊಂಡರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

“ಹಲ್ಲೇ ಅಂತೆ,” ಅಂದಳು ಹೆಂಡತಿ, ಟ್ಯಾಕ್ಸಿ ಕಾಯುತ್ತಿದ್ದ ಮೆಟ್ಟಿಲ ಕಡೆ ನಮ್ಮನ್ನು ನಡೆಸುತ್ತ. ದನಿಯಲ್ಲಿ ನಿರಾಳವಿತ್ತು. “ಗಂಟಲು ಸ್ವಲ್ಪ ಕೆಂಪಗಿದೆಯಂತೆ. ಒಸಡಿಗೆ ಹಚ್ಚೋಕೆ ಬರೆದುಕೊಟ್ಟಿದ್ದಾರೆ. ಏನಾದ್ರೂ ನುಂಗಿದ್ದು ನೋಡಿದ್ರಾ ಅಂತ ಕೇಳಿದ್ರು. ಇಲ್ಲ, ಮನೇಲಿ ನನ್ನ ಗಂಡ ಇದ್ರು, ಯಾರೂ ನೋಡಿಲ್ಲ ಅಂದೆ.”

ಅದನ್ನು ಕೇಳಿದ್ದೇ ಅತ್ತೆ ಊರುಗೋಲು ಬಿಟ್ಟು, ಮೆಟ್ಟಿಲ ಬದಿಯ ಕಂಬಿಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಹೆಂಡತಿ ಬಿಡಿಸಲು ನೋಡಿದಳು. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಟ್ಯಾಕ್ಸಿಯವನು ಹಾರ್ನ್ ಹೊಡೆದ. ಔಷಧಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

“ಮಗು ಏನಾದ್ರೂ ನುಂಗಿತಾ ಅತ್ತೆ?” ಅಂದೆ. ಅವರು ಜೋರಾಗಿ ತಲೆಯಾಡಿಸಿದರು.

“ಅದನ್ನ ನಂಬ್ತೀರಾ?” ಅಂದಳು ಹೆಂಡತಿ. “ಅಮ್ಮ, ಮಗುಗೆ ನಿದ್ದೆ ಬಂದಿದೆ ಅಲ್ವಾ? ಮನೆಗೆ ಹೋಗೋಣ ಅಲ್ವಾ?” ಅತ್ತೆ ಅದಕ್ಕೂ ಅಷ್ಟೇ ಜೋರಾಗಿ ತಲೆಯಾಡಿಸಿದರು, ಆಡಿಸುತ್ತಲೇ ಬಿಕ್ಕಿದರು. “ನೋಡಿದ್ರಲ್ಲ. ಎಲ್ಲರೂ ನೋಡ್ತಿದ್ದಾರೆ ರೀ, ಎಬ್ಬಿಸಿ.”

ಚೋಟು ಹೆಗಲ ಮೇಲೆ ನರಳಿದಳು. ಹಸಿದ ಮಗು, ಅಳುವುದಕ್ಕೂ ತ್ರಾಣವಿಲ್ಲದಂತೆ ಬರೀ ಗೊರಗೊರ ಅನ್ನುತ್ತಿತ್ತು. ನನ್ನ ಸಿಟ್ಟು ನೆತ್ತಿಗೇರಿತು.

“ಅವರು ನೋಡಿದ್ದಾರೆ ಕಣೇ. ಪದಾನೂ ಇದೆ, ಬಾಯಲ್ಲೇ ಇದೆ. ನಿನ್ನ ಮುಖ ನೋಡಿ ವಾಪಸ್ ನುಂಗ್ತಿದ್ದಾರೆ. ಬೆಳಗಿನಿಂದ ಇದೇ ನಡೀತಿದೆ. ತಪ್ಪು ಪದ ಆಡಿದ್ರೆ ನೀನು ಲೋಟ ಹಿಂದಕ್ಕೆ ತಗೋತೀಯ. ಅದಕ್ಕೇ ಹೆದರಿ ಕೂತಿದ್ದಾರೆ. ನಿನಗೆ ಸರಿಯಾದ ಪದ ಬೇಕೋ, ಮಗು ಬೇಕೋ?”

ಆಡಬಾರದ ಮಾತು. ಅವಳು ಹೊಡೆಸಿಕೊಂಡವಳ ಹಾಗೆ ನಿಂತಳು. ಮಗುವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಅಮ್ಮನ ಎದುರು ಮಂಡಿಯೂರಿದಳು.

“ಅಮ್ಮ, ಬಾಲ ಹಚ್ಚಿ ಹೇಳಮ್ಮ. ನಾನೇನೂ ಅನ್ನಲ್ಲ.”

ಅತ್ತೆ ಅನುಮಾನದಿಂದ ನೋಡಿದರು. ಇಷ್ಟು ದಿನ ಇದೇ ಬಾಯಿ ಬೇಡ ಅಂದದ್ದನ್ನು ಇಂದು ಬೇಕು ಅಂದರೆ ಹೇಗೆ ನಂಬುವುದು? ತುಟಿ ಇನ್ನಷ್ಟು ಬಿಗಿಯಾಯಿತು. ಹೆಂಡತಿ ಚೀಲ ತಡಕಿ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಅಮ್ಮನ ಬಾಯಿಯ ಹತ್ತಿರ ಹಿಡಿದಳು.

“ಡ್ರಿಂಕರ್ ಬೇಕಾ ಅಮ್ಮ?” ಅಂದಳು. “ತಗೋ. ಡ್ರಿಂಕರ್.”

ಆ ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅತ್ತೆ ಬಾಟಲಿಯನ್ನು ಪಕ್ಕಕ್ಕೆ ತಳ್ಳಿದರು. ಎಡಗೈ ಎತ್ತಿ ನನ್ನ ಹೆಗಲ ಮೇಲಿದ್ದ ಚೋಟುವಿನ ಕಡೆ ಬೆರಳು ಚಾಚಿದರು.

“ಸ್ವಾಲೋವರ್,” ಅಂದರು.

ನುಂಗಿದವಳು. ಅಂಥ ಪದಕ್ಕೆ ಹೆಂಡತಿ ಯಾವ ಪುಟದಲ್ಲಿದ್ದರೂ ಕೆಂಪು ಗೆರೆ ಎಳೆಯುತ್ತಿದ್ದಳು. ಈಗ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು, ಸಾಲಿನಲ್ಲಿದ್ದವರನ್ನು ದಾಟಿ, ಬಾಗಿಲು ತಳ್ಳಿಕೊಂಡು ಡಾಕ್ಟರ ಕೋಣೆಗೆ ನುಗ್ಗಿದಳು. “ನುಂಗಿದೆ ಡಾಕ್ಟ್ರೇ. ನಮ್ಮಮ್ಮ ನೋಡಿದ್ದಾಳೆ,” ಎಂದು ಅವಳು ಹೇಳಿದ್ದು ಬೀದಿಯವರೆಗೂ ಕೇಳಿತು.

ಆ ಡಾಕ್ಟರು ಒಳ್ಳೆಯ ಮನುಷ್ಯ. ಯಾರಮ್ಮ, ಏನು ನೋಡಿದರು ಎಂದು ವಾದಿಸುತ್ತ ಕೂರಲಿಲ್ಲ. ಅದೇ ಕಟ್ಟಡದ ಹಿಂಭಾಗದಲ್ಲಿ ಎಕ್ಸ್‌ರೇ ಇತ್ತು. ಚಿತ್ರವನ್ನು ಬೆಳಕಿಗೆ ಹಿಡಿದವರು ನಮ್ಮನ್ನು ಹತ್ತಿರ ಕರೆದರು. ಪುಟ್ಟ ಎದೆಗೂಡಿನ ಮೇಲ್ತುದಿಯಲ್ಲಿ, ಗಂಟಲಿನಿಂದ ಸ್ವಲ್ಪ ಕೆಳಗೆ, ಬೆಳ್ಳನೆಯ ಒಂದು ಬಿಲ್ಲೆ. ನಾನು ನಾಣ್ಯವೇನೋ ಅಂದುಕೊಂಡೆ.

“ನಾಣ್ಯಕ್ಕೆ ಒಂದೇ ಅಂಚು ಇರುತ್ತೆ,” ಅಂದರು. “ಇದಕ್ಕೆ ಒಳಗೊಂದು ಅಂಚಿದೆ ನೋಡಿ. ಬಟನ್ ಸೆಲ್, ಗುಂಡಿ ಥರದ ಪುಟ್ಟ ಬ್ಯಾಟರಿ. ಇದು ಸುಮ್ಮನೆ ಕೂತಿರಲ್ಲ, ಕೂತ ಜಾಗಾನ ಸುಡುತ್ತೆ. ದೊಡ್ಡಾಸ್ಪತ್ರೆಗೆ ಈಗಲೇ ಹೊರಡಿ. ನಾನು ಫೋನ್ ಮಾಡ್ತೀನಿ.”

ಆಂಬುಲೆನ್ಸಿನಲ್ಲಿ ಕೂತು ದಾರಿ ಬಿಡದ ವಾಹನಗಳನ್ನೆಲ್ಲ ನಾನು ಮನಸ್ಸಿನಲ್ಲೇ ಶಪಿಸಿದೆ. ಹಾಗೇ ನಲ್ಲಿಯ ಮುಂದೆ ಕೂತು “ಬಂದೆ” ಅಂದ ನನ್ನನ್ನೂ ಶಪಿಸಿಕೊಂಡೆ. ಹೆಂಡತಿ ಮಗುವಿನ ಜೊಲ್ಲು ಒರೆಸುತ್ತಲೇ ಇದ್ದಳು. ಅದರಲ್ಲಿ ಈಗ ತಿಳಿಗೆಂಪು ಬಣ್ಣ ಕಾಣುತ್ತಿತ್ತು. ಅದನ್ನು ನನ್ನಿಂದ ಮರೆಮಾಡಲು ಬಟ್ಟೆ ಮಡಚಿದಳು, ನಾನು ನೋಡದವನಂತೆ ಇದ್ದುಬಿಟ್ಟೆ.

ಮಗುವನ್ನು ಒಳಗೆ ಕರೆದೊಯ್ದರು. ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುತ್ತಾರೆಂದು ನರ್ಸ್ ಹೇಳಿದಳು. ಕಾಯುವುದೊಂದೇ ನಮಗೆ ಉಳಿದಿತ್ತು. ಕಾಯುವುದು ಎಂಥ ಕೆಲಸವೆಂದು ಅಂದು ಗೊತ್ತಾಯಿತು. ಕೊನೆಗೆ ಹೊರಬಂದ ಸರ್ಜನ್ ಕೈಯಲ್ಲಿ ಒಂದು ಪುಟ್ಟ ಡಬ್ಬಿ. ಒಳಗೆ ಕಪ್ಪಾದ ಬಿಲ್ಲೆ.

“ಅನ್ನನಾಳ ಸುಟ್ಟಿದೆ, ತೂತಾಗಿಲ್ಲ,” ಅಂದರು. “ಕೆಲವು ದಿನ ಮೂಗಿನ ನಳಿಗೆಯಲ್ಲೇ ಹಾಲು. ಮನೆಗೆ ವಾಪಸ್ ಹೋಗಿ, ರಾತ್ರಿ ಕಳೆದು ಬಂದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ. ಯಾರು ಕಂಡುಹಿಡಿದದ್ದು?”

ಹೆಂಡತಿ ಅಮ್ಮನನ್ನು ತೋರಿಸಿದಳು.

ಮಗು ಕಣ್ಣು ಬಿಟ್ಟ ಮೇಲೆ ನಾನು ಬಟ್ಟೆಬರೆ ತರಲು ಮನೆಗೆ ಹೋದೆ. ಆ ಸೆಲ್ ಎಲ್ಲಿಂದ ಬಂತೆಂದು ಹಾಲೆಲ್ಲ ಜಾಲಾಡಿದೆ. ರಿಮೋಟಿನದು ರಿಮೋಟಿನಲ್ಲಿತ್ತು, ತೂಕದ ಯಂತ್ರದ್ದೂ ಇತ್ತು. ಸೋಫಾದ ಅಡಿಯಲ್ಲಿ ಸಿಕ್ಕಿದ್ದು ಅತ್ತೆಯ ಮಾತಿನ ಪೆಟ್ಟಿಗೆ. ವಾರದ ಹಿಂದಷ್ಟೇ ಹೆಂಡತಿ ಕೊಂಡು ತಂದದ್ದು. ಚಿತ್ರ ಒತ್ತಿದರೆ ಒಬ್ಬಳು ಜೇನಿನಂಥ ದನಿಯಲ್ಲಿ ಅದರ ಸರಿಯಾದ ಹೆಸರು ಹೇಳುತ್ತಿದ್ದಳು. ಒಂದು ಮೂಲೆ ಒಡೆದಿತ್ತು, ಹಿಂಬದಿಯ ಮುಚ್ಚಳ ಕಿತ್ತುಬಂದಿತ್ತು, ಸೆಲ್ ಇರಬೇಕಾದ ಗುಳಿ ಖಾಲಿ.

ಆಸ್ಪತ್ರೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದಕ್ಕೆ ಸ್ಕ್ರೂ ಇತ್ತಲ್ಲ ರೀ. ಚೋಟು ಕೈಯಲ್ಲಿ ಹೇಗೆ ಬಿಚ್ಚೋಕೆ ಆಯ್ತು?”

ನಾವಿಬ್ಬರೂ ನಮ್ಮನಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಪಕ್ಕದ ಕುರ್ಚಿಯಲ್ಲಿ ಅತ್ತೆ ಅಲುಗಾಡಿದರು. ಪೆಟ್ಟಿಗೆಯನ್ನು ನೋಡಿದರು, ಎದುರಿನ ಗೋಡೆಯನ್ನು ನೋಡಿದರು. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು.

“ಥ್ರೋವರ್,” ಅಂದರು.

ಅರ್ಥವಾಗಲು ನಮಗೆ ಹೊತ್ತು ಹಿಡಿಯಲಿಲ್ಲ. ಆ ಜೇನಿನ ದನಿಯನ್ನು ಸಹಿಸಲಾರದೆ, ನಾವ್ಯಾರೂ ಹಾಲಿನಲ್ಲಿ ಇಲ್ಲದ ಹೊತ್ತಿನಲ್ಲಿ ಗೋಡೆಗೆ ಎಸೆದಿದ್ದಾರೆ. ಮುಚ್ಚಳ ಹಾರಿದೆ. ಬಗ್ಗಿ ಹೆಕ್ಕಲು ಕಾಲಿಗೆ ಬಲವಿಲ್ಲ, ಕರೆದು ಹೇಳಲು ಪದವಿಲ್ಲ. ಮಗು ಹೆಕ್ಕಿದೆ. ಅವರು ಕೂತಲ್ಲಿಂದ ನೋಡಿದ್ದಾರೆ. ಬೆಳಗಿನಿಂದ ಆ ಮುಖದ ಮೇಲಿದ್ದದ್ದು ಬರೀ ಭಯವಾಗಿರಲಿಲ್ಲ.

“ಥ್ರೋವರ್,” ಎಂದು ಮತ್ತೊಮ್ಮೆ ಎದೆ ತಟ್ಟಿಕೊಂಡರು. ಈ ಬಾಲಕ್ಕೆ ಕರುಣೆಯೇ ಇಲ್ಲ. ಒಂದು ಸಲ ಎಸೆದವಳನ್ನು ಹಿಡಿದು ಎಸೆಯುವವಳು ಎಂದೇ ಹೆಸರಿಟ್ಟು ಕೂರಿಸಿಬಿಡುತ್ತದೆ.

ಹೆಂಡತಿ ಪೆಟ್ಟಿಗೆಯನ್ನು ಕೆಳಗಿಟ್ಟಳು. ಎದ್ದು ಹೋಗಿ ಅಮ್ಮನ ಕುರ್ಚಿಯ ಬಳಿ ನೆಲದ ಮೇಲೆ ಕೂತು, ಎದೆಯ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡಳು. ಏನನ್ನೋ ಹುಡುಕುತ್ತಿದ್ದಳು. ತುಟಿ ಆಡುತ್ತಿತ್ತು, ಪದ ಬರುತ್ತಿರಲಿಲ್ಲ. ಅತ್ತೆ ಅವಸರ ಮಾಡದೆ ಅವಳ ಬಾಯನ್ನೇ ನೋಡುತ್ತ ಕಾದರು.

“ಅಲ್ಲಮ್ಮ,” ಅಂದಳು ಕೊನೆಗೆ. “ನೀನು… ನೀನು ಉಳಿಸರ್.”

ಅತ್ತೆ ಹುಬ್ಬು ಗಂಟಿಕ್ಕಿದರು. ಕನ್ನಡದ ಉಳಿಸುವುದಕ್ಕೆ ಇಂಗ್ಲಿಷಿನ ಬಾಲ. ಇಂಥದ್ದನ್ನು ಯಾರಾದರೂ ಅವರ ತರಗತಿಯಲ್ಲಿ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈ ಸಲ ಮಾತ್ರ ತಲೆ ಅಡ್ಡ ಆಡಿಸಿದರು.

“ಉಳಿಸರ್,” ಅಂದಳು ಹೆಂಡತಿ ಮತ್ತೆ, ಅಳುತ್ತ, ಹಟ ಹಿಡಿದ ಮಗುವಿನ ಹಾಗೆ.

ಒಳಗೆ ಚೋಟು ಎದ್ದಳು. ದನಿ ಒಡೆದು ಗೊಗ್ಗರಾಗಿತ್ತು, ಆದರೂ ಅಪ್ಪ ಎಂದು ಕರೆದದ್ದು ಸ್ಪಷ್ಟವಾಗಿ ಕೇಳಿತು. ನಾನು ಬಾಗಿಲ ಕಡೆ ಓಡಿದೆ. ಹಿಂತಿರುಗಿ ನೋಡಿದಾಗ ಹೆಂಡತಿ ಇನ್ನೂ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅದೇ ಪದ ಹೇಳುತ್ತಿದ್ದಳು. ಅತ್ತೆ ಮತ್ತೆ ಥ್ರೋವರ್ ಅನ್ನಲಿಲ್ಲ.